ಮೊಬೈಲಿನ ನೀಲಿ ಗೆರೆಯೂ ಹಿನ್ನೀರಿನ ದಂಡೆಯೂ

ತುಂಗಭದ್ರಾ ಹಿನ್ನೀರು ನೋಡಲು ಕೊಪ್ಪಳದ ಕಡೆಯಿಂದ ಹೊರಡುವವರು ಮೊದಲು ತೆರೆಯುವುದು ಮ್ಯಾಪ್ ಆ್ಯಪ್. ಅದರಲ್ಲಿ ಜಲಾಶಯ ವರ್ಷವಿಡೀ ಒಂದೇ ಆಕಾರ. ನಿಜವಾದ ದಂಡೆ ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಆಗಸ್ಟಿನಲ್ಲಿ ರಸ್ತೆಯ ಪಕ್ಕದಲ್ಲೇ ಇದ್ದ ನೀರನ್ನು ಮೇ ತಿಂಗಳಲ್ಲಿ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1,633 ಅಡಿ. ತುಂಬಿದಾಗ ನೀರು ಹರಡುವ ಜಾಗ ಸುಮಾರು 378 ಚದರ ಕಿ.ಮೀ. ಅಂಚಿನಲ್ಲಿ ಬಹಳ ಕಡೆ ನೀರು ನಿಲ್ಲುವುದು ಚಪ್ಪಟೆ ಹೊಲದಂಥ ನೆಲದ ಮೇಲೆ. 500 ಅಡಿಗೆ 1 ಅಡಿ ಇಳಿಜಾರು ಇರುವ ಕಡೆ ಮಟ್ಟ 1 ಅಡಿ ಇಳಿದರೆ 150 ಮೀಟರ್ ನೆಲ ತೆರೆದುಕೊಳ್ಳುತ್ತದೆ. 10 ಅಡಿ ಇಳಿದರೆ ಒಂದೂವರೆ ಕಿ.ಮೀ. ಆದ್ದರಿಂದ ಆ್ಯಪಿನ ಸ್ಟಾರ್ ಎಣಿಸುವ ಮೊದಲು ಪತ್ರಿಕೆಯಲ್ಲಿ ಬರುವ ಟಿಬಿ ಡ್ಯಾಂ ಮಟ್ಟ ನೋಡಿ. ಒಳಹರಿವಿಗಿಂತ ಹೊರಹರಿವು 11,574 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಹೆಚ್ಚಿದ್ದರೆ ದಿನಕ್ಕೆ 1 ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ಖಾಲಿ. ತುಂಬಿದ ಡ್ಯಾಮಿನಲ್ಲಿ ಸುಮಾರು 4 ಟಿಎಂಸಿ ಹೋದರೆ 1 ಅಡಿ ಇಳಿಯುತ್ತದೆ. ಮಳೆಗಾಲವೆಂದರೆ ತುಂಬಿಯೇ ಇರುತ್ತದೆ ಎಂದೂ ಹೇಳಲಾಗದು: 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ತುಂಬಿದ ಡ್ಯಾಮಿನ ನೀರನ್ನೇ ಹೊರಬಿಟ್ಟು ಮಟ್ಟ ಇಳಿಸಬೇಕಾಯಿತು.

ವಾಹನಗಳು ಸಿಕ್ಕಿಬೀಳುವುದು ಈ ತೆರೆದ ನೆಲದಲ್ಲೇ. ಮೇಲೆ ಬಿಸಿಲಿಗೆ ಒಣಗಿದ ಹೂಳಿನ ಹಪ್ಪಳ, ಅಂಗೈಯಗಲದ ಬಿರುಕುಗಳು. ನೋಡಿದರೆ ಗಟ್ಟಿ ನೆಲವೇ. ಕೆಳಗಿನ ಎರೆ ಮಣ್ಣು ನೀರು ಹಿಡಿದುಕೊಂಡು ಅಂಟಿನಂತಿರುತ್ತದೆ. ಕಾರಿನ ಮುಂದಿನ ಚಕ್ರ ಹಪ್ಪಳ ಒಡೆದು ಕುಸಿದ ಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಆ್ಯಪ್ ತೋರಿಸುವ ಸಣ್ಣ ದಾರಿ ಇಳಿದ ನೀರಿನ ಹಿಂದೆ ಟ್ರ್ಯಾಕ್ಟರ್ ಓಡಾಡಿದ ಗೆರೆಯೂ ಆಗಿರಬಹುದು, ಮುಳುಗಡೆಯಾದ ಊರಿನ ಹಳೆಯ ದಾರಿಯೂ ಆಗಿರಬಹುದು. ಡಾಂಬರು ಮುಗಿದ ಕಡೆ ಗಾಡಿ ನಿಲ್ಲಿಸಿ, ಕೋಲು ಚುಚ್ಚಿ ನೋಡಿ. ಗೇಣುದ್ದ ಸಲೀಸಾಗಿ ಇಳಿದರೆ ಅಲ್ಲಿಂದ ಮುಂದೆ ನಡೆದೂ ಹೋಗಬೇಡಿ.

ಈಗಿನ ದಂಡೆ ಎಲ್ಲಿದೆ ಎಂದು ಮನೆಯಲ್ಲೇ ತಿಳಿಯಬೇಕೆಂದರೆ ಉಪಗ್ರಹ ಚಿತ್ರ ತೋರಿಸುವ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣ ಒಳ್ಳೆಯದು, ಉಚಿತ. ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಸುಮಾರು 5 ದಿನಕ್ಕೊಮ್ಮೆ ಬರುತ್ತದೆ, 10 ಮೀಟರ್ ಸ್ಪಷ್ಟತೆಯಲ್ಲಿ. ಫಾಲ್ಸ್ ಕಲರ್ ಆರಿಸಿದರೆ ನೀರು ಕಪ್ಪಗೆ, ಬೆಳೆ ಕೆಂಪಗೆ ಕಾಣುತ್ತದೆ. ಮೋಡವಿದ್ದರೆ ಸೆಂಟಿನೆಲ್-1ರ ರೇಡಾರ್ ಚಿತ್ರ ನೋಡಿ, ರೇಡಾರಿಗೆ ಮೋಡ ಅಡ್ಡಿಯಲ್ಲ. ಹಕ್ಕಿ ನೋಡುವವರಿಗೆ ಇದು ಇನ್ನೂ ಮುಖ್ಯ. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ದಂಡೆ ಹಿಡಿದು ಮೇಯುತ್ತವೆ, ದಂಡೆ ಸರಿದಂತೆ ತಾವೂ ಸರಿಯುತ್ತವೆ. ಹಕ್ಕಿ ಕಂಡ ಜಾಗ ದಾಖಲಿಸುವ ಇ-ಬರ್ಡ್‌ನಲ್ಲಿ ಕಳೆದ ವರ್ಷ ಹಾಕಿದ ಪಿನ್ ಇದ್ದಲ್ಲೇ ಇರುತ್ತದೆ.

ಗಾಳಿಯ ವಿಷಯದಲ್ಲಿ ‘ಕೊಪ್ಪಳ’ ಎಂದು ಟೈಪ್ ಮಾಡಿದರೆ ಸಿಗುವುದು ಪಟ್ಟಣದ ಲೆಕ್ಕ. ವಿಂಡಿಯಂಥ ಹವಾಮಾನದ ಆ್ಯಪಿನಲ್ಲಿ ಪಿನ್ನನ್ನು ನೀರಿನ ನಡುವೆ ಇಟ್ಟು, ಸರಾಸರಿ ವೇಗಕ್ಕಿಂತ ‘ಗಸ್ಟ್’ (ಒಮ್ಮೆಲೇ ರಭಸದಿಂದ ಬೀಸುವ ಗಾಳಿ) ಅಂಕಿಯನ್ನು ಓದಿ. ನೀರಿನ ಮೇಲೆ ಗಾಳಿಗೆ ಗಿಡಮರದ ತಡೆಯಿಲ್ಲ. ಜಲಾಶಯ ಚಾಚಿಕೊಂಡಿರುವುದೂ ಡ್ಯಾಮಿನಿಂದ ನೈಋತ್ಯಕ್ಕೆ, ಮುಂಗಾರು ಗಾಳಿ ಬೀಸುವುದೂ ಅತ್ತಲಿಂದಲೇ. ಗಾಳಿ ಉದ್ದಕ್ಕೂ ನೀರನ್ನು ತಳ್ಳಿಕೊಂಡು ಬರುವುದರಿಂದ ಅಲೆ ದೊಡ್ಡದಾಗುವುದು ಡ್ಯಾಮಿನ ಕಡೆಯಲ್ಲಿ. ಹರಿಗೋಲಿಗೆ ಚಪ್ಪಟೆ ತಳ, ಮುಂದು ಹಿಂದು ಇಲ್ಲ. ಗಾಳಿಗೆ ಸಿಕ್ಕರೆ ಗಿರಗಿರ ತಿರುಗುತ್ತದೆ. ಏಪ್ರಿಲ್, ಮೇ ಸಂಜೆಗಳಲ್ಲಿ ‘ದಾಮಿನಿ’ ಆ್ಯಪ್ ಇರಲಿ. ಅದು ನೀವಿರುವ ಜಾಗದ ಸುತ್ತ 20 ಮತ್ತು 40 ಕಿ.ಮೀ. ಒಳಗಿನ ಸಿಡಿಲು ತೋರಿಸುತ್ತದೆ. ಬಯಲು ಹೂಳಿನ ಮೇಲೆ ನಿಂತವನಿಗಿಂತ ಎತ್ತರದ್ದು ಬೇರೇನೂ ಇರುವುದಿಲ್ಲವಲ್ಲ!

ನೀರು ಹಸಿರಾಗಿ, ಬಣ್ಣ ಕಲಸಿದಂತಿದ್ದರೆ ಪಾಚಿ ಬಂದಿದೆ ಎಂದರ್ಥ. ಅದರಲ್ಲಿ ಇಳಿಯಬೇಡಿ, ಕುದಿಸಿ ಕುಡಿಯಲೂಬೇಡಿ. ನೀಲಿ-ಹಸಿರು ಪಾಚಿಯ ವಿಷ ಕುದಿಸಿದರೂ ಹೋಗುವುದಿಲ್ಲ. ಆ್ಯಪಿನ ಫೋಟೊದಲ್ಲಿ ನೀರು ತಿಳಿಯಾಗಿದ್ದರೆ ಫೋಟೊದ ತಾರೀಖು ನೋಡಿ.

ಡ್ಯಾಮಿನ ಕೆಳಗೆ ಲೆಕ್ಕವೇ ಬೇರೆ. ಗೇಟುಗಳಿಂದ ಹೆಚ್ಚು ನೀರು ಬಿಟ್ಟಾಗ ಆನೆಗೊಂದಿಯ ನವವೃಂದಾವನ ನಡುಗಡ್ಡೆಗೆ ದೋಣಿ ಹೋಗುವುದಿಲ್ಲ, ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಆ್ಯಪ್ ಆಗಲೂ ಆ ಸೇತುವೆ ಮೇಲೆಯೇ ದಾರಿ ಹಾಕಿಕೊಡಬಹುದು. ಹೊರಹರಿವು ಲಕ್ಷ ಕ್ಯೂಸೆಕ್ ಕಡೆಗೆ ಏರುತ್ತಿರುವ ದಿನ ಕಂಪ್ಲಿ ದಾರಿ ಬಿಟ್ಟು ಬುಕ್ಕಸಾಗರ–ಕಡೇಬಾಗಿಲು ಸೇತುವೆಯನ್ನು ನಡುವಿನ ನಿಲ್ದಾಣವಾಗಿ ಸೇರಿಸಿ.