ಒಂದು ಕ್ಯಾಮೆರಾದಿಂದ ಮರೆಯಾದವರನ್ನು ಇನ್ನೊಂದು ಕ್ಯಾಮೆರಾ ಹೇಗೆ ಗುರುತು ಹಿಡಿಯುತ್ತದೆ?

ಪ್ರಶ್ನೆ: ನಮ್ಮ ಕಾಲೇಜಿನ ಕ್ಯಾಮೆರಾಗಳಲ್ಲಿ ಯಾರ ಮುಖವೂ ಸರಿಯಾಗಿ ಕಾಣಲ್ಲ. ಹಾಗಿದ್ದರೂ ಒಬ್ಬರು ಒಂದು ಕ್ಯಾಮೆರಾ ದಾಟಿ ಇನ್ನೊಂದರಲ್ಲಿ ಬಂದಾಗ, ಅವರೇ ಇವರು ಅಂತ ಸಿಸ್ಟಮ್‌ಗೆ ಹೇಗೆ ಗೊತ್ತಾಗುತ್ತೆ?

ಉತ್ತರ: ಮುಖ ಇಲ್ಲಿ ಅಷ್ಟೊಂದು ಕೆಲಸಕ್ಕೆ ಬರುವುದಿಲ್ಲ. ಎತ್ತರದಲ್ಲಿ ಕೂರಿಸಿದ ಕ್ಯಾಮೆರಾಗೆ ದೂರದ ಮುಖ ಕೆಲವೇ ಪಿಕ್ಸೆಲ್‌ಗಳಷ್ಟು ಸಿಗುತ್ತದೆ. ಬೆನ್ನು ತಿರುಗಿಸಿದರೆ ಅದೂ ಇಲ್ಲ. ಒಳ್ಳೆಯ ಸಿಸ್ಟಮ್ ಮೊದಲು ನೋಡುವುದು ಜಾಗ ಮತ್ತು ಹೊತ್ತನ್ನು. ಬಟ್ಟೆ, ಮೈಕಟ್ಟು ಆಮೇಲೆ.

ಜಾಗದಿಂದ ಶುರು ಮಾಡೋಣ. ಚಿತ್ರದಲ್ಲಿ ಮನುಷ್ಯ ಕಂಡ ಕೂಡಲೇ ಸಾಫ್ಟ್‌ವೇರ್ ಅವನ ಸುತ್ತ ಒಂದು ಚೌಕ ಎಳೆಯುತ್ತದೆ. ಆ ಚೌಕದ ಕೆಳಗಿನ ಅಂಚು ಅಂದರೆ ಪಾದ, ಪಾದ ಅಂದರೆ ನೆಲ. ಕ್ಯಾಮೆರಾ ಹಾಕುವಾಗಲೇ ನೆಲದ ಮೇಲೆ ನಾಲ್ಕು ಗುರುತು ಮಾಡಿ, ಟೇಪ್ ಹಿಡಿದು ಅಳೆದಿಟ್ಟಿದ್ದರೆ, ಚಿತ್ರದ ಯಾವ ಪಿಕ್ಸೆಲ್ ನೆಲದ ಯಾವ ಜಾಗ ಅಂತ ಲೆಕ್ಕ ಹಾಕಬಹುದು. ಯಾವ ಮೂರು ಗುರುತೂ ಒಂದೇ ಗೆರೆಯ ಮೇಲೆ ಬರಬಾರದು, ನೆಲ ಸಮತಟ್ಟಾಗಿರಬೇಕು. ಮೆಟ್ಟಿಲು ಬಂದರೆ ಲೆಕ್ಕ ತಪ್ಪುತ್ತದೆ. ನಿಲ್ಲಿಸಿದ ಬೈಕ್ ಹಿಂದೆ ಕಾಲು ಮರೆಯಾದರೂ ಅಷ್ಟೇ: ಚೌಕ ಸೊಂಟಕ್ಕೇ ನಿಂತುಬಿಡುತ್ತದೆ, ಮನುಷ್ಯ ಇದ್ದಕ್ಕಿದ್ದಂತೆ ಹಿಂದಕ್ಕೆ ಹಾರಿದ ಹಾಗೆ ದಾಖಲಾಗುತ್ತದೆ.

ಈಗ ಹೊತ್ತು. ಎರಡು ಕ್ಯಾಮೆರಾಗಳ ನಡುವೆ ಯಾವ ಕ್ಯಾಮೆರಾಗೂ ಕಾಣದ 28 ಮೀಟರ್ ಹಾದಿ ಇದೆ ಅಂತಿಟ್ಟುಕೊಳ್ಳಿ. ಸಾಮಾನ್ಯ ನಡಿಗೆ ಸೆಕೆಂಡಿಗೆ ಸುಮಾರು 1.4 ಮೀಟರ್. ಅಂದರೆ 20 ಸೆಕೆಂಡಿನ ಆಸುಪಾಸಿನಲ್ಲಿ ಆ ಕಡೆ ಬರಬೇಕು. ಎರಡೇ ಸೆಕೆಂಡಿಗೆ ಬಂದವರು ಖಂಡಿತ ಬೇರೆಯವರು. ಇಷ್ಟರಲ್ಲೇ ನೂರಾರು ಜನರಲ್ಲಿ ನಾಲ್ಕೈದು ಜನ ಮಾತ್ರ ಉಳಿಯುತ್ತಾರೆ. ಆದರೆ ಕ್ಯಾಮೆರಾಗಳ ಗಡಿಯಾರದಲ್ಲಿ 5 ಸೆಕೆಂಡ್ ವ್ಯತ್ಯಾಸ ಇದ್ದರೆ 7 ಮೀಟರ್ ಹೆಚ್ಚುಕಡಿಮೆ ಆಯಿತು! ಆದ್ದರಿಂದ ಎಲ್ಲ ಕ್ಯಾಮೆರಾಗಳೂ ಒಂದೇ ಎನ್‌ಟಿಪಿ ಸರ್ವರ್‌ನಿಂದ (ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ಹೇಳುವ ಕಂಪ್ಯೂಟರ್) ಸಮಯ ತೆಗೆದುಕೊಳ್ಳಬೇಕು. ದುಬಾರಿ ಲೆನ್ಸ್‌ಗಿಂತ ಮೊದಲು ಇದನ್ನು ಸರಿಮಾಡಿ ಅಂತ ನಾನು ಹೇಳುತ್ತೇನೆ.

ಉಳಿದ ನಾಲ್ಕೈದು ಜನರ ನಡುವೆ ಆರಿಸಲು ರೂಪ ಬೇಕು. ತರಬೇತಾದ ನ್ಯೂರಲ್ ನೆಟ್‌ವರ್ಕ್, ಅಂದರೆ ಸಾವಿರಾರು ಚಿತ್ರ ನೋಡಿ ಕಲಿತ ಸಾಫ್ಟ್‌ವೇರ್, ಪ್ರತಿಯೊಬ್ಬರ ಚಿತ್ರವನ್ನೂ ಒಂದು ಸಂಖ್ಯೆಗಳ ಸಾಲಾಗಿ ಮಾಡುತ್ತದೆ. ಸಾಲುಗಳು ಹತ್ತಿರ ಇದ್ದರೆ ಒಬ್ಬರೇ ಇರಬಹುದು. ಬಿಸಿಲಿನಲ್ಲಿ ಕಂಡ ಕೆಂಪು ಅಂಗಿ ಟ್ಯೂಬ್‌ಲೈಟ್ ಕೆಳಗೆ ಬೇರೆಯೇ ಬಣ್ಣ ಆಗುತ್ತದೆ, ಅದು ತಲೆನೋವು. ಎಲ್ಲರೂ ಯೂನಿಫಾರ್ಮ್ ಹಾಕಿದ ಶಾಲೆಯಲ್ಲಂತೂ ಜಾಗ, ಹೊತ್ತುಗಳೇ ಗತಿ.

ಈ ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸಲು ಚಿತ್ರಗಳು ಬೇಕಲ್ವಾ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ 2014ರಲ್ಲಿ 8 ಕ್ಯಾಮೆರಾಗಳಿಂದ ತಲಾ 85 ನಿಮಿಷ ಚಿತ್ರೀಕರಿಸಿದರು. 2,000ಕ್ಕೂ ಜಾಸ್ತಿ ಜನ ಅದರಲ್ಲಿದ್ದರು. ಈ ದತ್ತಾಂಶ ಜಗತ್ತಿನ ಎಷ್ಟೋ ಸಂಶೋಧಕರ ಕೈಸೇರಿತು. ನಡೆದುಹೋದವರು ಒಬ್ಬೊಬ್ಬರಾಗಿ ಒಪ್ಪಿಗೆ ಕೊಟ್ಟಿರಲಿಲ್ಲ. ಆಕ್ಷೇಪ ಎದ್ದ ಮೇಲೆ 2019ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಪ್ರತಿಗಳು ಎಲ್ಲೆಲ್ಲೋ ಹೋಗಿದ್ದವು. ಕ್ಲಾಸಿಗೆ ಹೋಗುತ್ತಿದ್ದ ಹುಡುಗ ಹುಡುಗಿಯರ ನಡಿಗೆ ಹೀಗೆ ಕಂಡವರ ಪಾಲಾಗಿದ್ದು ನನಗೆ ಇವತ್ತಿಗೂ ತಪ್ಪು ಅನಿಸುತ್ತದೆ.

ನಿಮ್ಮ ಕಾಲೇಜಿನಲ್ಲಿ ಇಂಥದ್ದು ಕಟ್ಟುವುದಾದರೆ, ಒಪ್ಪಿದ ಕೆಲವರನ್ನೇ ನಡೆಸಿ ಪರೀಕ್ಷೆ ಮಾಡಿ. ಕ್ಯಾಂಟೀನಿನಲ್ಲಿ ಎಷ್ಟು ಜನ ಇದ್ದಾರೆ ಅಂತ ತಿಳಿದರೆ ಸಾಕು ಅನ್ನುವುದಾದರೆ, ಒಬ್ಬರನ್ನು ಕ್ಯಾಮೆರಾದಿಂದ ಕ್ಯಾಮೆರಾಗೆ ಹಿಂಬಾಲಿಸುವ ಭಾಗವೇ ಬೇಡ. ಕ್ಯಾಮೆರಾದ ಹತ್ತಿರವೇ ತಲೆ ಎಣಿಸಿ, ಆ ಸಂಖ್ಯೆಯನ್ನಷ್ಟೇ ಸರ್ವರ್‌ಗೆ ಕಳಿಸಿ, ಚಿತ್ರವನ್ನು ಅಲ್ಲೇ ಅಳಿಸಿಬಿಡಬಹುದು.