ಬದನೆಕಾಯಿ ಬಿಟ್ಟರೂ ಇಳಿಯದ ನಂಜು

ಹೋಟೆಲಿನ ದೋಸೆ ಕಲ್ಲಿನ ಮುಂದೆ ಇಪ್ಪತ್ತೆಂಟು ವರ್ಷ ನಿಂತವರೊಬ್ಬರು ಹೋದ ವರ್ಷ ನನ್ನಲ್ಲಿಗೆ ಬಂದಿದ್ದರು. ಎಡಗಾಲಿನ ಒಳಬದಿ, ಹರಡಿನಿಂದ ಸ್ವಲ್ಪ ಮೇಲೆ, ಅಂಗೈಯಗಲ ಜಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಬಿಸಿ, ಒತ್ತಿದರೆ ಹಲಗೆಯಂತೆ ಗಟ್ಟಿ. ಪ್ಲಾಸ್ಟಿಕ್ ಚೀಲದಲ್ಲಿ ಎರಡು ವರ್ಷದ ಚೀಟಿಗಳನ್ನು ತಂದಿದ್ದರು. ನಾಲ್ಕು ಬಾರಿ ಆಂಟಿಬಯಾಟಿಕ್ ಮಾತ್ರೆ, ಒಮ್ಮೆ ಮೂರು ದಿನ ದಾಖಲಾಗಿ ಡ್ರಿಪ್. "ನಂಜು ಇಳಿಯುತ್ತಲೇ ಇಲ್ಲ ಡಾಕ್ಟರೇ. ಬದನೆಕಾಯಿ, ಆಲೂಗಡ್ಡೆ, ಬೇಳೆ ಎಲ್ಲ ಬಿಟ್ಟಿದ್ದೇನೆ" ಎಂದರು.

ನಂಜು ಎಂಬ ಮಾತಿನ ಮೇಲೆ ನನಗೆ ಪ್ರೀತಿಯೂ ಇದೆ, ತಕರಾರೂ ಇದೆ. ವಿಷ, ಸೋಂಕು, ಊತ, ಕೀವು ಎಲ್ಲಕ್ಕೂ ನಮ್ಮಲ್ಲಿ ಅದೊಂದೇ ಹೆಸರು. ವೈದ್ಯರೇನೂ ಇದಕ್ಕೆ ಹೊರತಲ್ಲ. ಅವರು ಸೆಲ್ಯುಲೈಟಿಸ್ (ಚರ್ಮದ ಸೋಂಕು) ಎಂದು ಬರೆಯುತ್ತಾರೆ, ಅಷ್ಟೇ ವ್ಯತ್ಯಾಸ. ಈ ಬಾಣಸಿಗರ ಕಾಲಿನಲ್ಲಿ ಉರಿಯೂತ ಇದ್ದದ್ದು ನಿಜ. ಆದರೆ ಆ ಉರಿಯನ್ನು ಹೊತ್ತಿಸಿದ್ದು ಕ್ರಿಮಿಯಲ್ಲ, ಅವರದೇ ರಕ್ತದ ಭಾರ.

ನಾವು ನಿಂತಾಗ ಹೃದಯದಿಂದ ಹರಡಿನವರೆಗಿನ ರಕ್ತದ ಕಂಬದ ತೂಕವೆಲ್ಲ ಕಾಲಿನ ಸಿರೆಗಳ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳ ಮೇಲೆ ಬೀಳುತ್ತದೆ. ಹರಡಿನ ಬಳಿ ಸಿರೆಯೊಳಗಿನ ಒತ್ತಡ ಆಗ ಸುಮಾರು 80–90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆಯತೊಡಗಿದರೆ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಸಿರೆಯೊಳಗಿನ ಪುಟ್ಟ ಕವಾಟಗಳು ಅದು ಮತ್ತೆ ಜಾರದಂತೆ ತಡೆಯುತ್ತವೆ. ಒತ್ತಡ 30ರ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಕವಾಟ ಸೋರುವವರಲ್ಲಿ ನಡೆದರೂ ಅದು ಅಷ್ಟು ಇಳಿಯುವುದಿಲ್ಲ. ದೋಸೆ ಕಲ್ಲಿನ ಮುಂದೆ ನಿಂತವರಿಗೆ ನಡಿಗೆಯಾದರೂ ಎಲ್ಲಿದೆ? ಕ್ಷೌರಿಕರು, ಟ್ರಾಫಿಕ್ ಪೊಲೀಸರು, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳು ನನ್ನ ಹೊರರೋಗಿ ವಿಭಾಗದ ಖಾಯಂ ಗಿರಾಕಿಗಳು.

ಒತ್ತಡಕ್ಕೂ ಉರಿಯೂತಕ್ಕೂ ಇರುವ ನಂಟು ವೈದ್ಯಲೋಕಕ್ಕೆ ತಡವಾಗಿ ಹೊಳೆಯಿತು. 1917ರಲ್ಲಿ ಅಮೆರಿಕದ ಹೋಮನ್ಸ್, ರಕ್ತ ನಿಂತು ಕೆಡುವುದರಿಂದ ಹುಣ್ಣಾಗುತ್ತದೆ ಎಂದರು. 1982ರಲ್ಲಿ ಲಂಡನ್ನಿನ ಬ್ರೌಸ್ ಮತ್ತು ಬರ್ನಂಡ್, ಸಣ್ಣ ರಕ್ತನಾಳಗಳ ಸುತ್ತ ಫೈಬ್ರಿನ್ ಎಂಬ, ರಕ್ತ ಹೆಪ್ಪುಗಟ್ಟಿಸುವ ನಾರಿನ ಕವಚ ಕಟ್ಟಿಕೊಂಡು ಆಮ್ಲಜನಕ ತಲುಪುವುದಿಲ್ಲ ಎಂದು ವಾದಿಸಿದರು. 1988ರಲ್ಲಿ ಲಂಡನ್ನಿನದೇ ಇನ್ನೊಂದು ತಂಡ ಬಿಳಿ ರಕ್ತಕಣಗಳತ್ತ ಬೆರಳು ತೋರಿತು. ಇಂಥ ರೋಗಿಗಳನ್ನು ಕಾಲು ಇಳಿಬಿಟ್ಟು ಕೂರಿಸಿದರೆ, ಕಾಲಿಗೆ ಹೋದ ಬಿಳಿ ಕಣಗಳಲ್ಲಿ ಒಂದು ಪಾಲು ಮರಳಿ ಬರುವುದೇ ಇಲ್ಲ. ಒತ್ತಡ ಹೆಚ್ಚಿದ ನಾಳದ ಒಳಪದರಕ್ಕೆ ಅವು ಅಂಟಿಕೊಳ್ಳುತ್ತವೆ, ಗೋಡೆ ದಾಟಿ ಹೊರಗೆ ಬರುತ್ತವೆ, ಅಂಗಾಂಶವನ್ನು ಕರಗಿಸುವ ಕಿಣ್ವಗಳನ್ನು ಕಾರುತ್ತವೆ. ಕವಾಟಗಳ ತೆಳು ಎಸಳುಗಳೂ ಅದರಲ್ಲಿ ಸವೆಯುತ್ತವೆ. ಕವಾಟ ಸವೆದಷ್ಟೂ ಒತ್ತಡ, ಒತ್ತಡ ಹೆಚ್ಚಿದಷ್ಟೂ ಉರಿಯೂತ.

ಇದರ ಜೊತೆಗೆ ಕೆಂಪು ಕಣಗಳೂ ಸೋರಿ ಚರ್ಮದಡಿ ಒಡೆಯುತ್ತವೆ. ಅವುಗಳ ಕಬ್ಬಿಣ ಅಲ್ಲೇ ಉಳಿದು ಚರ್ಮಕ್ಕೆ ತುಕ್ಕಿನ ಬಣ್ಣ ಹಿಡಿಸುತ್ತದೆ. ಆ ಕಬ್ಬಿಣವೂ ಉರಿಯೂತಕ್ಕೆ ಉರುವಲೇ. ವರ್ಷಗಟ್ಟಲೆ ಹೀಗೆ ಬೆಂದ ಚರ್ಮ ಮತ್ತು ಅದರಡಿಯ ಕೊಬ್ಬು ನಾರುಗಟ್ಟಿ ಬಿಗಿಯುತ್ತವೆ. ಮೇಲೆ ಊದಿಕೊಂಡು ಹರಡಿನ ಬಳಿ ಸಣ್ಣಗಾದ ಕಾಲು ಬಾಟಲಿಯನ್ನು ಬೋರಲು ಹಾಕಿದ ಹಾಗೆ ಕಾಣುತ್ತದೆ. ಆ ಹಂತದಲ್ಲಿ ಸೊಳ್ಳೆ ಕಚ್ಚಿ ಕೆರೆದುಕೊಂಡರೂ ಸಾಕು, ಹುಣ್ಣಾಗಿ ತಿಂಗಳುಗಟ್ಟಲೆ ಮಾಯುವುದಿಲ್ಲ.

ಪಠ್ಯಪುಸ್ತಕದ ಚಿತ್ರಗಳಲ್ಲಿ ಇದು ಟೊಮೆಟೊ ಕೆಂಪಾಗಿರುತ್ತದೆ, ಏಕೆಂದರೆ ಅವೆಲ್ಲ ಬಿಳಿ ಚರ್ಮದ ಕಾಲುಗಳು. ನಮ್ಮ ಮೈಬಣ್ಣದಲ್ಲಿ ಅದು ಕಂದು, ನೇರಳೆ, ಕೆಲವೊಮ್ಮೆ ಬರೀ ಕಪ್ಪು. ಹಾಗಾಗಿ ನಾನು ಕಣ್ಣಿಗಿಂತ ಕೈಯನ್ನು ನೆಚ್ಚುತ್ತೇನೆ. ಬೆರಳುಗಳ ಹಿಂಬದಿಯಿಂದ ಎರಡೂ ಕಾಲು ಸವರಿದರೆ ಬಿಸಿ ಎಲ್ಲಿದೆ ಎಂದು ತಿಳಿಯುತ್ತದೆ. ಆಮೇಲೆ ಕೇಳುವ ಪ್ರಶ್ನೆ: ಚಳಿ ಜ್ವರ ಬಂದಿತ್ತೇ? ನಿಜವಾದ ಸೋಂಕು ಸಾಮಾನ್ಯವಾಗಿ ಒಂದೇ ಕಾಲಿಗೆ, ಒಂದೆರಡು ದಿನದೊಳಗೆ ಬರುತ್ತದೆ. ಕೆಂಪು ಗಂಟೆಗಂಟೆಗೂ ಹರಡುತ್ತದೆ, ಕಾಲ್ಬೆರಳ ಸಂದಿಯಲ್ಲಿ ಬಿರುಕು ಇರುವುದೂ ಉಂಟು. ಅದಕ್ಕೆ ಆಂಟಿಬಯಾಟಿಕ್ ತಡಮಾಡದೆ ಬೇಕು. ಕರಾವಳಿಯಿಂದ, ಕಲಬುರಗಿ–ಬೀದರ್ ಕಡೆಯಿಂದ ಬಂದವರಲ್ಲಿ ಆನೆಕಾಲನ್ನೂ ನೆನಪಿಡಬೇಕು. ಇನ್ನು ಇಡೀ ಕಾಲು ಇದ್ದಕ್ಕಿದ್ದಂತೆ ಊದಿಕೊಂಡರೆ, ಅದರಲ್ಲೂ ಉಸಿರು ಕಟ್ಟಿದರೆ, ರಕ್ತ ಹೆಪ್ಪುಗಟ್ಟಿರಬಹುದು. ಅವರು ಈ ಅಂಕಣ ಓದುತ್ತ ಕೂರಬಾರದು, ಆಸ್ಪತ್ರೆಗೆ ಓಡಬೇಕು.

ನಮ್ಮ ಬಾಣಸಿಗರಿಗೆ ಒಮ್ಮೆಯೂ ಜ್ವರ ಬಂದಿರಲಿಲ್ಲ. ಡ್ರಿಪ್ ಹಾಕಿದಾಗ ಮಾತ್ರ ಚೆನ್ನಾಗಿ ಇಳಿದಿತ್ತಂತೆ. ಇಳಿಯದೆ ಏನು! ಮೂರು ದಿನ ಮಂಚದ ಮೇಲೆ ಕಾಲು ಎತ್ತಿ ಮಲಗಿದ್ದರಲ್ಲ. ಕೀರ್ತಿ ಔಷಧಿಗೆ ಹೋಯಿತು.

ಚಿಕಿತ್ಸೆ ಕೇಳಿದಾಗ ಅವರಿಗೆ ನಿರಾಸೆಯಾಯಿತು, ಎಲ್ಲರಿಗೂ ಆಗುತ್ತದೆ. ಬಿಗಿಪಟ್ಟಿ. ಹೊರಗಿನಿಂದ ಸರಿಯಾದ ಒತ್ತಡ ಕೊಟ್ಟರೆ ಒಳಗಿನ ಒತ್ತಡಕ್ಕೆ ಕಡಿವಾಣ ಬೀಳುತ್ತದೆ. ಹುಣ್ಣಿನ ಅಂಗಾಂಶದಲ್ಲಿ ಉರಿಯೂತ ಹೆಚ್ಚಿಸುವ ರಾಸಾಯನಿಕಗಳು ಪಟ್ಟಿ ಕಟ್ಟಿದ ಮೇಲೆ ಇಳಿದಿರುವುದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಔಷಧಿ ಅಂಗಡಿಯ ಸಾಧಾರಣ ಕ್ರೇಪ್ ಬ್ಯಾಂಡೇಜ್ ಮಧ್ಯಾಹ್ನದೊಳಗೆ ಸಡಿಲವಾಗಿ ಪಾದದ ಮೇಲೆ ಸುರುಳಿ ಸುತ್ತಿಕೊಳ್ಳುತ್ತದೆ, ಅದರಿಂದ ಪ್ರಯೋಜನ ಅಷ್ಟಕ್ಕಷ್ಟೇ. ಅಳತೆ ತೆಗೆದು ಕೊಟ್ಟ ಕಾಲುಚೀಲವನ್ನು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಬೇಕು. ಒಲೆಯ ಮುಂದೆ ಅದನ್ನು ತೊಡುವುದು ಹಿಂಸೆ ಎಂದು ನನಗೆ ಗೊತ್ತಿದೆ.

ಕಟ್ಟುವ ಮೊದಲು ಒಂದು ಕೆಲಸವನ್ನು ನಾನು ಎಂದೂ ಬಿಡುವುದಿಲ್ಲ. ಹರಡಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸುವುದು. ಇವರದು 118, ತೋಳಿನದು 140, ಅಂದರೆ 0.84. 0.9ಕ್ಕಿಂತ ಕಡಿಮೆ ಬಂದರೆ ಧಮನಿ, ಅಂದರೆ ಹೃದಯದಿಂದ ಕಾಲಿಗೆ ರಕ್ತ ತರುವ ನಾಳ, ಕಿರಿದಾಗಿದೆ ಎಂದರ್ಥ. ಹಿಂಬಾಗಿಲಲ್ಲಿ ನಿಂತು ಬೀಡಿ ಸೇದುವ ಸಂಗತಿ ಆಗ ಹೊರಬಂತು. ಧಮನಿಯಲ್ಲೂ ಉರಿಯೂತವೇ, ಆದರೆ ಬೇರೆ ಜಾತಿಯದು. ಗೋಡೆಯೊಳಗೆ ನುಗ್ಗಿದ ಕೊಲೆಸ್ಟರಾಲನ್ನು ನುಂಗಲು ಬಂದ ಬಿಳಿ ಕಣಗಳು ಅಲ್ಲೇ ಉಬ್ಬಿ ಕೂರುತ್ತವೆ. ಅದಕ್ಕೆ ಬೀಡಿ ಬಿಡಬೇಕು, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗಬೇಕು. 0.8ರ ಮೇಲಿದ್ದುದರಿಂದ ಪಟ್ಟಿಗೆ ಅಡ್ಡಿಯಾಗಲಿಲ್ಲ. 0.5ಕ್ಕಿಂತ ಕೆಳಗಿರುವ ಕಾಲಿಗೆ ಬಿಗಿಯಾಗಿ ಕಟ್ಟಿದರೆ ಬೆರಳುಗಳೇ ಕಪ್ಪಾಗಬಹುದು. ಮಧುಮೇಹಿಗಳ ಧಮನಿ ಸುಣ್ಣಗಟ್ಟಿ ಈ ಲೆಕ್ಕ ಸುಳ್ಳು ಹೇಳುವುದುಂಟು. ಅವರಿಗೆ ಕಾಲಿನ ಹೆಬ್ಬೆರಳಿನ ಒತ್ತಡವನ್ನೇ ನೋಡುತ್ತೇವೆ.

ರಕ್ತದ ಹರಿವನ್ನು ಶಬ್ದತರಂಗದಿಂದ ನೋಡುವ ಡಾಪ್ಲರ್ ಪರೀಕ್ಷೆಯಲ್ಲಿ ತೊಡೆಯಿಂದಲೇ ಸಿರೆ ಸೋರುತ್ತಿತ್ತು. ಅದನ್ನು ಲೇಸರಿನಿಂದ ಮುಚ್ಚಿ ಸಂಜೆಗೇ ಮನೆಗೆ ಕಳಿಸಿದೆವು. ಹುಣ್ಣಾದ ಮೇಲೂ ಇದನ್ನು ಮುಂದೂಡಬಾರದು ಎಂಬುದಕ್ಕೆ 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಸಾಕ್ಷಿ. 450 ರೋಗಿಗಳೆಲ್ಲರಿಗೂ ಬಿಗಿಪಟ್ಟಿ ಕಟ್ಟಿದ್ದರು. ಬೇಗ ಸಿರೆ ಮುಚ್ಚಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿಯ ಹುಣ್ಣು ಮಾಯಲು 56 ದಿನ ಹಿಡಿಯಿತು, ಕಾದವರಲ್ಲಿ 82.

ಆರು ತಿಂಗಳ ಮೇಲೆ ಬಂದಾಗ ಬಿಸಿ ಆರಿತ್ತು, ಚರ್ಮವನ್ನು ಎರಡು ಬೆರಳಲ್ಲಿ ಹಿಡಿಯಲು ಬರುತ್ತಿತ್ತು. ತುಕ್ಕಿನ ಕಲೆ ಮಾತ್ರ ಹಾಗೇ ಇತ್ತು. ಅದು ಪೂರ್ತಿ ಹೋಗುವುದು ಕಷ್ಟ ಎಂದೆ. ಅವರಿಗೆ ಅದರ ಚಿಂತೆಯಿರಲಿಲ್ಲ. "ಹಾಗಾದರೆ ಎಣ್ಣೆಗಾಯಿ ತಿನ್ನಬಹುದೇ ಡಾಕ್ಟರೇ?" ಎಂದರು. ಬೇಳೆಯನ್ನೂ ತಿನ್ನಿ, ಚರ್ಮ ಕಟ್ಟಲು ಪ್ರೋಟೀನು ಬೇಕು ಎಂದೆ. ಬೀಡಿಯ ವಿಷಯ ಕೇಳಿದೆ. ಅವರು ಕಾಲುಚೀಲ ಏರಿಸಿಕೊಳ್ಳುವುದರಲ್ಲಿ ಮಗ್ನರಾದರು.