ಗ್ಯಾಲನ್ನಿನ ಹೊಟ್ಟೆಯಲ್ಲಿ 22/7

ಒಂದು ಅಮೆರಿಕನ್ ಗ್ಯಾಲನ್ ಎಂದರೆ 3.785411784 ಲೀಟರ್. ಚುಕ್ಕಿಯಾದ ಮೇಲೆ ಒಂಬತ್ತು ಅಂಕಿ! ಯಾರೋ ಲ್ಯಾಬಿನಲ್ಲಿ ಕೂತು ಹನಿ ಹನಿ ಅಳೆದಿರಬೇಕು ಅನ್ನಿಸುತ್ತದೆ, ಅಲ್ವಾ? ಇದು ಅಳೆದದ್ದೇ ಅಲ್ಲ, ಬರೀ ಗುಣಿಸಿದ್ದು.

ಹಿಂದೆ ಇಂಗ್ಲೆಂಡಿನಲ್ಲಿ ವೈನಿಗೊಂದು, ಬಿಯರಿಗೊಂದು, ಕಾಳಿಗೊಂದು ಗ್ಯಾಲನ್ ಇತ್ತು. 18ನೇ ಶತಮಾನದ ಶುರುವಿನಲ್ಲಿ, ರಾಣಿ ಆ್ಯನ್ ಕಾಲದ ಕಾಯ್ದೆಯೊಂದು ವೈನ್ ಗ್ಯಾಲನ್ನಿಗೆ ಲೆಕ್ಕ ಕಟ್ಟಿತು: 7 ಇಂಚು ಅಗಲ, 6 ಇಂಚು ಆಳದ ದುಂಡು ಪಾತ್ರೆ, ಇಲ್ಲವೇ 231 ಘನ ಇಂಚು. ಈಗ ಹೈಸ್ಕೂಲಿನ ಸಿಲಿಂಡರ್ ಲೆಕ್ಕ ಮಾಡಿ. 22/7 × 3.5 × 3.5 × 6. ಕೆಳಗಿನ ಏಳು ಹೊಡೆದುಹೋಗಿ ಸರಿಯಾಗಿ 231 ಬರುತ್ತದೆ. ಅಸಲಿ ಪೈ ಹಾಕಿದರೆ ಬರುವುದು ಸುಮಾರು 230.9. ನಮ್ಮ ಲೆಕ್ಕದ ಮೇಷ್ಟ್ರು ಹೇಳಿಕೊಟ್ಟ ಅದೇ 22/7, ಇವತ್ತಿಗೂ ಅಮೆರಿಕದ ಪ್ರತಿ ಪೆಟ್ರೋಲ್ ಬಂಕಿನಲ್ಲಿ ಅಡಗಿ ಕೂತಿದೆ!

ಇಂಚು ಎಂದರೆ ಸರಿಯಾಗಿ 2.54 ಸೆಂಟಿಮೀಟರ್ ಎಂದು 1959ರಲ್ಲಿ ಒಪ್ಪಂದವಾಯಿತು. 2.54 × 2.54 × 2.54 ಮಾಡಿ, ಮತ್ತೆ 231ರಿಂದ ಗುಣಿಸಿ, ಲೀಟರಿಗೆ ತರಲು ಸಾವಿರದಿಂದ ಭಾಗಿಸಿದರೆ ಆ ಉದ್ದನೆಯ ಬಾಲ ಹುಟ್ಟುತ್ತದೆ.

ತಮಾಷೆಯೆಂದರೆ, 1824ರಲ್ಲಿ ಬ್ರಿಟನ್ನೇ ವೈನ್ ಗ್ಯಾಲನ್ ಕೈಬಿಟ್ಟಿತು. ಹತ್ತು ಪೌಂಡು ನೀರು ಹಿಡಿಸುವಷ್ಟು ದೊಡ್ಡದಾದ ಹೊಸದೊಂದನ್ನು ತಂದಿತು. ಅದು ಈಗ 4.54609 ಲೀಟರ್. ಅಷ್ಟರಲ್ಲಿ ಬೇರೆ ಸಂಸಾರ ಹೂಡಿದ್ದ ಅಮೆರಿಕ ಹಳೆಯದನ್ನೇ ಇಟ್ಟುಕೊಂಡಿತು. ಹಾಗಾಗಿ ಒಂದೇ ಹೆಸರು, ಎರಡು ಅಳತೆ. ಕಾರಿನ ಮೈಲೇಜ್ ನೋಡುವಾಗ ಇದು ಚೆನ್ನಾಗಿ ಯಾಮಾರಿಸುತ್ತದೆ. ಗ್ಯಾಲನ್ನಿಗೆ 30 ಮೈಲಿ ಎಂದು ಅಮೆರಿಕದವರು ಹೇಳಿದರೆ ಲೀಟರಿಗೆ ಸುಮಾರು 12.8 ಕಿಲೋಮೀಟರ್. ಅದೇ ಮಾತನ್ನು ಬ್ರಿಟಿಷರು ಹೇಳಿದರೆ ಬರೀ 10.6! ಯಾರು ಹೇಳಿದ್ದು ಎಂದು ನೋಡದೆ ಗುಣಿಸಬೇಡಿ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ತಿಳಿಯಲು ಮೈಲಿಯ ಅಂಕಿಯನ್ನು ಅಮೆರಿಕದ ಲೆಕ್ಕವಾದರೆ 0.425ರಿಂದ, ಬ್ರಿಟನ್ನಿನದಾದರೆ 0.354ರಿಂದ ಗುಣಿಸಿ.

ಗ್ಯಾಲನ್ನಿನ ಎಂಟನೇ ಒಂದು ಭಾಗವಾದ ಪಿಂಟ್ ಕತೆಯೂ ಇದೇ: ಅಮೆರಿಕದಲ್ಲಿ 473 ಮಿಲಿಲೀಟರ್, ಬ್ರಿಟನ್ನಿನಲ್ಲಿ 568.

ಅಡುಗೆಮನೆಯಲ್ಲಿ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಮೆರಿಕದ ಕಪ್ಪು ಅಂದಾಜು 237 ಮಿಲಿಲೀಟರ್. ಅನ್ನಕ್ಕೆ, ಉಪ್ಪಿಟ್ಟಿಗೆ ಯಾವ ಕಪ್ಪಾದರೂ ನಡೆಯುತ್ತದೆ, ಎಲ್ಲವನ್ನೂ ಅದರಲ್ಲೇ ಅಳೆದರಾಯಿತು. ಕೇಕ್ ಮಾಡುವಾಗ ಮಾತ್ರ ಹುಷಾರು. ರೈಸ್ ಕುಕ್ಕರ್ ಜೊತೆ ಬರುವ ಪುಟ್ಟ ಕಪ್ಪು ಸಾಮಾನ್ಯವಾಗಿ 180 ಮಿಲಿಲೀಟರಿನದು, ಅಂದರೆ ಮುಕ್ಕಾಲು ಕಪ್ಪಷ್ಟೇ. ಅದರಲ್ಲಿ ಹಿಟ್ಟು, ಸಕ್ಕರೆ, ಹಾಲು ಅಳೆದರೆ ಎಲ್ಲವೂ ಒಂದೇ ಸಮ ಕಡಿಮೆಯಾಗುತ್ತವೆ, ಸರಿ. ಆದರೆ ಬಟ್ಟಲಿಗೆ ಒಡೆದು ಹಾಕಿದ ಎರಡು ಮೊಟ್ಟೆ ಎರಡಾಗಿಯೇ ಇರುತ್ತವಲ್ಲ!